ಭಾವನ ಬೆಟ್ಟ

ನನ್ನ ಷಡ್ಡಕರಿಗೆ ಬೆಟ್ಟವೆಂದರೆ ಒಂದು ಕಡತ. ಅದಕ್ಕೊಂದು ಸಂಖ್ಯೆ ಬೀಳಬೇಕು, ಟಿಪ್ಪಣಿ ಬರೆಯಬೇಕು, ಅನುಬಂಧ ಲಗತ್ತಿಸಬೇಕು, ನಾಲ್ಕು ಮೇಜು ಸುತ್ತಿಸಬೇಕು. ಇಷ್ಟೆಲ್ಲ ಆದಮೇಲೂ ಬೆಟ್ಟ ಅಲ್ಲೇ ಇದ್ದರೆ ಹೋಗಿ ಹತ್ತಿ ಬರಲು ಅವರದೇನೂ ಅಭ್ಯಂತರವಿಲ್ಲ.

ಹೆಂಡತಿಯ ಅಕ್ಕನ ಗಂಡ. ನಾನು ಕರೆಯುವುದು ಭಾವ ಎಂದು. ಸರ್ಕಾರದ ಒಂದು ಇಲಾಖೆಯಲ್ಲಿ ಲೆಕ್ಕಪತ್ರ ಅಧೀಕ್ಷಕರು, ನಿವೃತ್ತಿಗೆ ಮೂರು ವರ್ಷ ಬಾಕಿ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಬರೆದೂ ಬರೆದೂ ಈಗ ಮಾತೂ ಹಾಗೇ ಬರುತ್ತದೆ. ಊಟಕ್ಕೆ ಕೂತಾಗ ಇನ್ನೊಂದು ಅಕ್ಕಿರೊಟ್ಟಿ ಬೇಕಾದರೆ “ರೊಟ್ಟಿ ಬಗ್ಗೆ ಪರಿಶೀಲಿಸಬಹುದು” ಎನ್ನುತ್ತಾರೆ. ಅತ್ತಿಗೆ ಪರಿಶೀಲಿಸಿ ಹಾಕುತ್ತಾರೆ.

ಈ ಜಾತಿಯವರು ಈಗ ಎಲ್ಲ ಕಡೆ ಇದ್ದಾರೆ. ನಿಮ್ಮ ಆಫೀಸಿನಲ್ಲೂ ಒಬ್ಬರಿರಬಹುದು, ಅಪಾರ್ಟ್‌ಮೆಂಟಿನಲ್ಲಂತೂ ಇದ್ದೇ ಇರುತ್ತಾರೆ. ‘ಈ ಸಲ ಎಲ್ಲರೂ ಸೇರಿ ಒಂದು ಟ್ರೆಕ್ ಮಾಡೋಣ, ಹೊಸಬರಿಗೂ ಆಗುವಂಥದ್ದು’ ಎಂಬ ಒಂದು ಸಾಲಿನಿಂದ ಗುರುತು ಹಿಡಿಯಬಹುದು. ಹಾಗೆ ಹೇಳಿದ ಐದು ನಿಮಿಷದಲ್ಲಿ ನಿಮ್ಮ ಫೋನಿನಲ್ಲಿ ಹೊಸ ವಾಟ್ಸಾಪ್ ಗುಂಪೊಂದು ಹುಟ್ಟಿರುತ್ತದೆ, ನೀವು ಅದರೊಳಗಿರುತ್ತೀರಿ. ಬೆಟ್ಟ ಹತ್ತುವುದು ಕಾಲಿನ ಚಪಲ. ಹತ್ತಿಸುವುದು ಹೆಬ್ಬೆರಳಿನ ಚಪಲ. ಎರಡನೆಯದಕ್ಕೆ ಮದ್ದು ಕಡಿಮೆ.

ಭಾವನಿಗೆ ಇದು ಅಂಟಿದ್ದು ಸಕ್ಕರೆ ಕಾಯಿಲೆಯ ಬಾಬ್ತು. ಡಾಕ್ಟರು “ದಿನಾ ನಡೀರಿ” ಎಂದರು. ಭಾವ ಮೂರು ದಿನ ಲಾಲ್‌ಬಾಗಿನಲ್ಲಿ ನಡೆದರು. ನಾಲ್ಕನೆಯ ದಿನ ನಡೆಯುವವರನ್ನೆಲ್ಲ ಸೇರಿಸಿ ಒಂದು ಸಮಿತಿ ಮಾಡಿದರು. ಐದನೆಯ ದಿನದಿಂದ ನಡಿಗೆ ನಿಂತು ಬೆಂಚಿನ ಮೇಲೆ ಸಭೆ ಶುರುವಾಯಿತು. ಆ ಸಭೆಯಲ್ಲಿಯೇ ಬೆಟ್ಟದ ಪ್ರಸ್ತಾವ ಮಂಡನೆಯಾದದ್ದು. ಕಾಲ: ಜುಲೈ. ಹೊರಡುವುದು: ದೀಪಾವಳಿ ಕಳೆದು. ನಡುವೆ ನಾಲ್ಕು ತಿಂಗಳು. ಎವರೆಸ್ಟಿಗೂ ಇಷ್ಟು ಸಮಯ ಕೊಡುವುದಿಲ್ಲವೇನೋ.

ಮೊದಲು ಬೆಟ್ಟದ ಆಯ್ಕೆ. ಎಕ್ಸೆಲ್‌ನಲ್ಲಿ ಹದಿನಾಲ್ಕು ಕಾಲಂ: ಎತ್ತರ, ದೂರ, ನೆರಳು, ನೀರು, ಶೌಚಾಲಯ, ಸಮೀಪದ ಆಸ್ಪತ್ರೆ, ಸಮೀಪದ ದೋಸೆ. ಒಂದು ಭಾನುವಾರ ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದನ್ನೇ ವಿಚಾರಣೆಗೆ ಕರೆದರು.

“ಮುಳ್ಳಯ್ಯನಗಿರಿ? ರಾಜ್ಯದಲ್ಲೇ ಎತ್ತರದ್ದು,” ಎಂದೆ ನಾನು, ಏನಾದರೂ ಹೇಳಬೇಕಲ್ಲ ಎಂದು.

“1,930 ಮೀಟರು. ಒಪ್ಪಿದೆ. ಆದ್ರೆ ರಸ್ತೆ ತುದಿ ಹತ್ರಕ್ಕೇ ಹೋಗುತ್ತೆ. ಕಾರಿಳಿದು ಮೆಟ್ಲು ಹತ್ತಿದ್ರೆ ಮುಗೀತು. ಅದು ಚಾರಣ ಅಲ್ಲ ಕಣಯ್ಯಾ, ಪಾರ್ಕಿಂಗು.”

“ಕುಮಾರಪರ್ವತ?”

“ಅದು ಹೊಸಬರನ್ನ ಹೆದರಿಸಿ ಮನೆಗೆ ಕಳಿಸೋ ಬೆಟ್ಟ. ಕುಕ್ಕೆಯಿಂದ ಒಂದೇ ಸಮ ಏರು. ಬಿಸಿಲು ಬೇರೆ.” ಭಾವ ಕನ್ನಡಕ ಸರಿಮಾಡಿಕೊಂಡರು. “2024ರ ಜನವರಿ ನೆನಪಿದೆಯಾ? ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಒಟ್ಟಿಗೇ ನುಗ್ಗಿ ರೇಷನ್ ಅಂಗಡಿ ಕ್ಯೂ ಥರ ಆಗಿತ್ತು. ಅದಾದ್ಮೇಲೇ ಅರಣ್ಯ ಇಲಾಖೆಯೋರು ಚಾರಣ ನಿಲ್ಲಿಸಿ, ಆನ್‌ಲೈನ್ ಟಿಕೆಟ್ ಮಾಡಿದ್ದು. ‘ಅರಣ್ಯ ವಿಹಾರ’ ಅಂತ.” ಆ ಹೆಸರು ಹೇಳುವಾಗ ಅವರ ಮುಖದಲ್ಲಿ ಭಕ್ತಿಯಿತ್ತು. ಕಾಡಿಗೂ ಒಂದು ಅರ್ಜಿ ನಮೂನೆ ಇದೆ, ಗುರುತಿನ ಚೀಟಿ ಲಗತ್ತಿಸಬೇಕು ಎಂದು ತಿಳಿದ ದಿನ ಅವರು ರಾತ್ರಿ ಹನ್ನೊಂದರವರೆಗೆ ಆ ತಾಣದಲ್ಲೇ ವಿಹರಿಸಿದ್ದರಂತೆ. ಅತ್ತಿಗೆ ಹೇಳಿದ್ದು.

ತಡಿಯಂಡಮೋಳ್ ಕೊನೆಯ ಸುತ್ತಿನವರೆಗೆ ಬಂತು. ಕೊಡಗಿನ ಅತಿ ಎತ್ತರದ ಶಿಖರ, 1,748 ಮೀಟರು, ಬುಡದಲ್ಲಿ 1792ರ ನಾಲ್ಕುನಾಡು ಅರಮನೆ, ಹೊಸಬರಿಗೆ ಹೇಳಿ ಮಾಡಿಸಿದ ದಾರಿ. ನ್ಯಾಯವಾಗಿ ಅದೇ ಗೆಲ್ಲಬೇಕಿತ್ತು. ಆದರೆ ನಮ್ಮ ಅತ್ತೆಯವರು ಅಡುಗೆಮನೆಯಿಂದಲೇ ಕೇಳಿದರು: “ಅಲ್ಲಿ ಯಾವ್ ದೇವ್ರಿದೆ?” ಅಷ್ಟಕ್ಕೆ ಕಡತ ಮುಗಿಯಿತು. ಗೆದ್ದದ್ದು ಕೊಡಚಾದ್ರಿ: 1,343 ಮೀಟರು, ಪಟ್ಟಿಯಲ್ಲಿ ಎಲ್ಲರಿಗಿಂತ ಕುಳ್ಳ, ಕೆಳಗೆ ಕೊಲ್ಲೂರು ಮೂಕಾಂಬಿಕೆ, ಮೇಲೆ ಮೂಲ ಮೂಕಾಂಬಿಕೆ. ‘ಶಿಖರ ಆಗದಿದ್ದರೂ ದರ್ಶನ ಆಗುತ್ತದೆ’ ಎಂದು ಭಾವ ಷರಾ ಬರೆದರು.

ತಮಾಷೆ ಸರಿ, ಆದರೆ ಆಯ್ಕೆ ತಪ್ಪಿರಲಿಲ್ಲ ಎಂದು ಹೇಳಲೇಬೇಕು. ಹೊಸಬರಿಗೆ ಬೇಕಾದ್ದು ಎತ್ತರ ಕಡಿಮೆ ಇರುವ ಬೆಟ್ಟವಲ್ಲ, ಸೋಲಲು ಅನುಕೂಲವಿರುವ ಬೆಟ್ಟ. ಕೊಡಚಾದ್ರಿಯಲ್ಲಿ ಬಹುಪಾಲು ದಾರಿ ಕಾಡಿನ ನೆರಳಿನಲ್ಲಿ; ತೀರಾ ಮೇಲೆ ಹೋದಮೇಲಷ್ಟೇ ಬೋಳು ಹುಲ್ಲುಗುಡ್ಡ. ಕಾಲು ಕೈಕೊಟ್ಟರೆ ದೇವಸ್ಥಾನದವರೆಗೆ ಜೀಪು ಬರುತ್ತದೆ. ಅರ್ಧಕ್ಕೆ ನಿಂತವನಿಗೂ ದೇವರು ಸಿಗುತ್ತದೆ, ಪುಣ್ಯ ಸಿಗುತ್ತದೆ, ಊಟ ಸಿಗುತ್ತದೆ. ಬೇರೆ ಬೆಟ್ಟಗಳಲ್ಲಿ ಅರ್ಧಕ್ಕೆ ನಿಂತವನಿಗೆ ಸಿಗುವುದು ಬೈಗುಳ ಮಾತ್ರ.

ಹೆಸರಿನ ಮೇಲೂ ಒಂದು ಟಿಪ್ಪಣಿ ಬಂತು. ಕೊಡಚಾದ್ರಿ ಎಂದರೆ ಕುಟಜಾದ್ರಿ. ಕುಟಜವೆಂದರೆ ನಮ್ಮ ಕೊಡಸಿಗ. ಅತ್ತೆಯವರು ತೀರ್ಥಹಳ್ಳಿ ಕಡೆಯವರು. “ಕೊಡಸಿಗೆ ಹೂವಿನ ತಂಬುಳಿ ಮಾಡದು ಗೊತ್ತು. ಅದರ ಹೆಸರಲ್ಲಿ ಗುಡ್ಡ ಬೇರೆ ಇದ್ಯಾ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಗುಡ್ಡ ಹತ್ತದಕ್ಕೂ ಚೀಟಿ ಮಾಡ್ಸದಾ?” ಎಂದೂ ಸೇರಿಸಿದರು.

ಇನ್ನು ಸುತ್ತೋಲೆಗಳು. ‘ಕೊಡಚಾದ್ರಿ ಚಲೋ’ ಗುಂಪಿನಲ್ಲಿ ಶುರುವಿನಲ್ಲಿ ಇಪ್ಪತ್ತಮೂರು ಜನರಿದ್ದರು. ವಾರಕ್ಕೊಂದರಂತೆ ಭಾವನ ಆದೇಶ ಬೀಳುತ್ತಿತ್ತು. ಎರಡನ್ನು ಇಲ್ಲಿ ಎತ್ತಿ ಬರೆಯುತ್ತೇನೆ, ಮಾದರಿಗೆ.

‘ಸುತ್ತೋಲೆ 3. ಜೀನ್ಸ್ ಪ್ಯಾಂಟನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಸದರಿ ವಸ್ತ್ರವು ನೆನೆದಲ್ಲಿ ಬೇಗ ಒಣಗುವುದಿಲ್ಲವಾಗಿ, ಭಾರ ಹೆಚ್ಚುವುದಾಗಿ, ತೊಡೆ ಉಜ್ಜುವುದಾಗಿ ಈ ಕ್ರಮ.’

‘ಸುತ್ತೋಲೆ 4. ಪ್ರತಿಯೊಬ್ಬ ಸದಸ್ಯರೂ ಹೊರಡುವ ಎರಡು ದಿನ ಮುಂಚಿತವಾಗಿ ಕಾಲುಗುರುಗಳನ್ನು ಕತ್ತರಿಸಿಕೊಳ್ಳತಕ್ಕದ್ದು. ಇಳಿಯುವಾಗ ಪಾದವು ಬೂಟಿನೊಳಗೆ ಮುಂದಕ್ಕೆ ಜಾರಿ, ಉಗುರುಗಳು ತುದಿಗೆ ಗುದ್ದುವ ಸಂಭವವಿರುತ್ತದೆ. ಪಾಲಿಸಿದ ಬಗ್ಗೆ ವರದಿ ಸಲ್ಲಿಸುವುದು.’

ನಾನೂ ನನ್ನ ಹೆಂಡತಿಯೂ ನಾಲ್ಕನೆಯದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕ ಗಲಾಟೆಯಲ್ಲಿ ಉಗುರು ಕತ್ತರಿಸುವುದು ಮರೆತೆ. ಆ ವಿಚಾರ ಮುಂದೆ ಬರುತ್ತದೆ.

ಏಳನೆಯದು ಸಮಯಕ್ಕೆ ಸಂಬಂಧಿಸಿದ್ದು: ಮಧ್ಯಾಹ್ನ 2 ಗಂಟೆಗೆ ಯಾರು ಎಲ್ಲಿದ್ದರೂ, ತುದಿ ಕಣ್ಣೆದುರಿಗೇ ಇದ್ದರೂ, ಅಲ್ಲಿಂದಲೇ ವಾಪಸ್. ಭಾವ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು. ನವೆಂಬರಿನಲ್ಲಿ ಆರು ಗಂಟೆಗೇ ಕತ್ತಲೆ. ಕಾಡಿನೊಳಗೆ ಅದಕ್ಕೂ ಮುಂಚೆ. ಇದೊಂದು ನಿಯಮವನ್ನು ಮಾತ್ರ ಯಾರೂ ಆಡಿಕೊಳ್ಳಲಿಲ್ಲ. ಅಂಥ ದಿಟವಾದ ಮಾತು ಹೇಳಿದ್ದಕ್ಕೆ ಅವರಿಗೇ ಮುಂದೆ ಎಷ್ಟು ಕಷ್ಟವಾಯಿತು ಎನ್ನುವುದು ಬೇರೆ.

ತರಬೇತಿಯೂ ಇತ್ತು. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಅದನ್ನು ಹತ್ತಿ ಇಳಿದರೆ ಕಾಲು ಗಟ್ಟಿಯಾಗುತ್ತದೆ ಎಂದು ಎರಡು ಶನಿವಾರ ಕರೆದರು. ಮೊದಲ ಶನಿವಾರ ಹದಿನೇಳು ಜನ ಬಂದು ಎಂಟು ನಿಮಿಷದಲ್ಲಿ ಹತ್ತಿ, ಚುರುಮುರಿಗೆ ನಲವತ್ತು ನಿಮಿಷ ತೆಗೆದುಕೊಂಡರು. ಎರಡನೆಯ ಶನಿವಾರ ಚುರುಮುರಿಯವನು ಬಂದಿರಲಿಲ್ಲ. ತರಬೇತಿ ಅಲ್ಲಿಗೆ ನಿಂತಿತು.

ಅಕ್ಟೋಬರಿನಿಂದ ವಿಕೆಟ್ ಬೀಳತೊಡಗಿದವು. ಒಬ್ಬರ ಚಿಕ್ಕಪ್ಪನ ಮಗನ ಗೃಹಪ್ರವೇಶ. ಒಬ್ಬರ ಮಗಳ ಯೂನಿಟ್ ಟೆಸ್ಟ್. ಭಾವನ ಆಫೀಸಿನ ಗುಮಾಸ್ತರೊಬ್ಬರು ಪಂಚಾಂಗ ತೆಗೆದು, ತಂದೆಯ ತಿಥಿ ಸರಿಯಾಗಿ ಅದೇ ಶನಿವಾರ ಬೀಳುವುದನ್ನು ತೋರಿಸಿದರು. ಅದರ ಮೇಲೆ ಮಾತಾಡುವಂತಿಲ್ಲ. ಒಬ್ಬರು ಮಾತ್ರ ಪ್ರಾಮಾಣಿಕರು: ‘ನನಗೆ ಇಷ್ಟವಿಲ್ಲ’ ಎಂದು ಬರೆದು ಗುಂಪು ಬಿಟ್ಟರು. ಭಾವ ಅವರನ್ನು ಎರಡು ಸಲ ಮತ್ತೆ ಸೇರಿಸಿದರು. ಹೊರಡುವ ಹಿಂದಿನ ವಾರ ಇಪ್ಪತ್ತಮೂರು ಏಳಾಗಿತ್ತು: ಭಾವ, ಅತ್ತಿಗೆ, ಅವರ ಮಗ, ನಾನು, ನನ್ನ ಹೆಂಡತಿ, ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು, ಅತ್ತೆ. ಅರವತ್ತೆಂಟರ ಅತ್ತೆಯವರು ಜೀಪಿನಲ್ಲಿ ಹೋಗುವುದೆಂದೂ ಅತ್ತಿಗೆ ಅವರ ಜೊತೆಗಿರುವುದೆಂದೂ ತೀರ್ಮಾನ. ಅಂದರೆ ನಡೆಯುವವರು ಐದೇ ಜನ. ಐದು ಜನಕ್ಕೆ ಒಬ್ಬ ನಾಯಕ, ಒಬ್ಬ ಉಪನಾಯಕ, ಒಬ್ಬ ಹಿಂಬಾಲಕ (ಹಿಂದುಳಿದವರನ್ನು ನೋಡಿಕೊಳ್ಳಲು), ಒಬ್ಬ ಖಜಾಂಚಿ. ಸಾಮಾನ್ಯ ಸದಸ್ಯನಾಗಿ ಉಳಿದದ್ದು ನಾನೊಬ್ಬ.

ಒಂಬತ್ತನೆಯ ಸುತ್ತೋಲೆಯನ್ನು ಉಪ್ಪಿನ ಸುತ್ತೋಲೆ ಎಂದು ಈಗಲೂ ನಮ್ಮ ಮನೆಯಲ್ಲಿ ಕರೆಯುತ್ತೇವೆ. ಮಲೆನಾಡಿನ ಕಾಡಿನಲ್ಲಿ ಮಳೆ ಬಿದ್ದರೆ ಉಂಬಳ ಏಳುತ್ತವೆ ಎಂದು ಭಾವ ಎಲ್ಲೋ ಓದಿದ್ದರು. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಪದಾರ್ಥವಿದೆ, ಆದ್ದರಿಂದ ಅದು ಬಿಟ್ಟಮೇಲೂ ರಕ್ತ ಸೋರುತ್ತಲೇ ಇರುತ್ತದೆ, ಗಾಬರಿ ಬೇಡ ಎಂದು ಎರಡು ಪುಟ ಗಾಬರಿಪಡಿಸಿದರು. ಪರಿಹಾರವಾಗಿ 2 ಕಿಲೋ ಕಲ್ಲುಪ್ಪು ಖರೀದಿಯಾಯಿತು. ಅವರ ಹಳೆಯ ಪಂಚೆಯೊಂದನ್ನು ಹರಿದು, ಅಂಗೈಯಗಲದ ಚೌಕ ಕತ್ತರಿಸಿ, ಒಂದೊಂದರಲ್ಲಿ ಇಷ್ಟಿಷ್ಟು ಉಪ್ಪು ಹಾಕಿ, ದಾರ ಬಿಗಿದು, ಅತ್ತಿಗೆ ಒಂದು ರಾತ್ರಿಯಿಡೀ ಗಂಟು ಕಟ್ಟಿದರು. ಒಟ್ಟು ಇಪ್ಪತ್ತು ಗಂಟು, ತಲಾ 100 ಗ್ರಾಂ. ಭಾವ ಅಡುಗೆಮನೆ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ನೋಡಿ, ಕೊನೆಯದಕ್ಕೆ ನಾಲ್ಕು ಹರಳು ಸೇರಿಸಿದರು.

ಗುರುವಾರ ಟೀವಿಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಬಂತು.

“ಭಾವ, ಮಳೆಯಂತೆ,” ಎಂದು ಫೋನು ಮಾಡಿದೆ.

“ಬಂಗಾಳ ಕೊಲ್ಲಿ ಆ ಕಡೆ ಕಣಯ್ಯಾ. ನಾವು ಹೋಗೋದು ಅರಬ್ಬೀ ಸಮುದ್ರದ ಕಡೆ.”

ಶುಕ್ರವಾರ ರಾತ್ರಿ ತಾಳಗುಪ್ಪ ಎಕ್ಸ್‌ಪ್ರೆಸ್ಸು. 16227 ಎಂಬ ಅದರ ಸಂಖ್ಯೆಯನ್ನು ಭಾವ ಮನೆದೇವರ ಹೆಸರಿನಂತೆ ಹೇಳುತ್ತಿದ್ದರು. ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯುವಾಗ ಅವರ ಕೊರಳಲ್ಲಿ ಎರಡು ವಸ್ತು ನೇತಾಡುತ್ತಿದ್ದವು. ಒಂದು ಸೀಟಿ. ಇನ್ನೊಂದು, ಇಡೀ ದಿನದ ವೇಳಾಪಟ್ಟಿಯ ಲ್ಯಾಮಿನೇಟ್ ಮಾಡಿಸಿದ ಹಾಳೆ, ಮಳೆ ಬಂದರೆ ನೆನೆಯಬಾರದೆಂದು. ಅರಬ್ಬೀ ಸಮುದ್ರದ ಮೇಲೆ ಅಷ್ಟೊಂದು ನಂಬಿಕೆಯಿದ್ದವರು ಲ್ಯಾಮಿನೇಷನ್ ಯಾಕೆ ಮಾಡಿಸಿದರೋ ನಾನು ಕೇಳಲಿಲ್ಲ.

ಗಾಡಿ ಮಾಡಿಕೊಂಡು ಹಸಿರುಮಕ್ಕಿಗೆ ಬಂದೆವು. ಅಲ್ಲಿ ಶರಾವತಿಯ ಹಿನ್ನೀರು ದಾಟಬೇಕು, ಗಾಡಿಯ ಸಮೇತ ಲಾಂಚಿನ ಮೇಲೆ. ಹಾಳೆಯಲ್ಲಿ ‘ಲಾಂಚ್: 20 ನಿಮಿಷ’ ಎಂದಿತ್ತು. ಲಾಂಚು ಆಚೆ ದಡದಲ್ಲಿತ್ತು. ಅದು ಹಾಳೆ ಓದಿರಲಿಲ್ಲ. ನೀರು ಅಷ್ಟು ಚೆನ್ನಾಗಿತ್ತು, ದಡದ ಬೋಳು ಮರದ ಕೊಂಬೆಯಲ್ಲೊಂದು ಬೆಳ್ಳಕ್ಕಿ ಕೂತು ಅದೂ ಲಾಂಚಿಗೇ ಕಾಯುತ್ತಿರುವಂತೆ ತೋರುತ್ತಿತ್ತು. ನಾವೆಲ್ಲ ನೀರು ನೋಡಿದೆವು. ಭಾವ ಗಡಿಯಾರ ನೋಡಿದರು. ಮುಕ್ಕಾಲು ಗಂಟೆ ಹೋಯಿತು.

ಕಟ್ಟಿನಹೊಳೆಯ ಕಡೆಯಿಂದ ಜೀಪಿನ ದಾರಿ ಹಿಡಿದೇ ಹತ್ತುವುದೆಂದು ಯೋಜನೆ. ಹಿಡ್ಲುಮನೆ ಜಲಪಾತದ ದಾರಿ ಚೆಂದವಂತೆ, ಆದರೆ ಒದ್ದೆ ಬಂಡೆಗಳ ಮೇಲೆ ಹೊಸಬರನ್ನು ಬಿಡುವಂತಿಲ್ಲ. ಇದೂ ಭಾವನ ಒಳ್ಳೆಯ ಬುದ್ಧಿಯೇ. ಗೇಟಿನಲ್ಲಿ ಅರಣ್ಯ ಇಲಾಖೆಯ ಹುಡುಗ ಚೀಲಗಳನ್ನು ಬಿಚ್ಚಿಸಿ ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ ಎಣಿಸಿ ಬರೆದುಕೊಂಡ. ಆಮೇಲೆ ಭಾವನ ಕೊರಳು ನೋಡಿದ.

“ಸಾರ್, ಅದೂ ಪ್ಲಾಸ್ಟಿಕ್ಕೇ.”

“ಇದು ವೇಳಾಪಟ್ಟಿ.”

“ಇರ್ಲಿ ಸಾರ್. ವಾಪಸ್ ತರ್ಬೇಕು. ಒಂದು ಅಂತ ಬರ್ಕೊಂಡಿದೀನಿ.” ಹುಡುಗ ಸೀಟಿಯನ್ನೂ ನೋಡಿದ. “ಅದನ್ನ ಊದ್ಬೇಡಿ. ಕಾಡಲ್ವಾ.”

ತಮ್ಮಂತೆಯೇ ಎಣಿಸಿ ಬರೆದುಕೊಳ್ಳುವ ಇನ್ನೊಬ್ಬನನ್ನು ಕಂಡ ಭಾವ ಮಾತಿಲ್ಲದೆ ಸೀಟಿ ಬಿಚ್ಚಿ ಜೇಬಿಗಿಟ್ಟರು.

ದಾರಿಯ ಉದ್ದ ಭಾವನ ಹಾಳೆಯಲ್ಲಿ ಒಂದು, ಜೀಪಿನ ಡ್ರೈವರನ ಬಾಯಲ್ಲಿ ಇನ್ನೊಂದು, ನನ್ನ ಮಂಡಿಯ ಲೆಕ್ಕದಲ್ಲಿ ಮೂರನೆಯದು. ಮೊದಲ ಅರ್ಧ ಗಂಟೆ ಎಲ್ಲರೂ ಮಾತಾಡುತ್ತ ಹತ್ತಿದೆವು. ಆಮೇಲೆ ಮಾತು ನಿಂತು ಉಸಿರು ಕೇಳಿಸತೊಡಗಿತು. ಹತ್ತೂವರೆಗೆ, ಆ ಕಡೆಯ ಬಂಗಾಳ ಕೊಲ್ಲಿ ಈ ಕಡೆಗೆ ಬಂತು. ಜೋರು ಮಳೆಯಲ್ಲ, ಜಿಟಿಜಿಟಿ; ಮರದ ಮೇಲೆ ಬಿದ್ದು, ಎಲೆಯಿಂದ ಎಲೆಗೆ ಇಳಿದು, ನಮ್ಮ ಕುತ್ತಿಗೆಯೊಳಕ್ಕೇ ಗುರಿಯಿಟ್ಟು ಬೀಳುವಂಥದ್ದು. ಅದರ ಹಿಂದೆಯೇ ಉಂಬಳ. ಮೊದಲು ಕಂಡದ್ದು ಮೇಷ್ಟ್ರ ಕಾಲುಚೀಲದ ಮೇಲೆ: ನೆನೆದ ನೂಲಿನ ತುಂಡಿನಂಥದ್ದು, ಬಾಲ ಊರಿ ಎದ್ದು ನಿಂತು, ಗಾಳಿಯಲ್ಲಿ ತಲೆ ಆಡಿಸಿ ವಾಸನೆ ಹುಡುಕುತ್ತಿತ್ತು. ಭಾವ “ಗಂಟು!” ಎಂದು ಕೂಗಿದರು. ಗಂಟುಗಳೆಲ್ಲ ಭಾವನ ಮಗನ ಚೀಲದ ತಳದಲ್ಲಿ, ಚಪಾತಿ ಡಬ್ಬಿಯ ಕೆಳಗೆ. ತೆಗೆಯುವಷ್ಟರಲ್ಲಿ ಉಂಬಳ ತನ್ನ ಕೆಲಸ ಶುರುಮಾಡಿತ್ತು, ಮೇಷ್ಟ್ರಿಗೆ ಗೊತ್ತೂ ಆಗಿರಲಿಲ್ಲ.

ಇಲ್ಲಿ ಭಾವನ ಸ್ವಭಾವದ ಇನ್ನೊಂದು ಮಗ್ಗುಲು. ಹತ್ತುವವರನ್ನು ಹುರಿದುಂಬಿಸಲು ಅವರ ಬಳಿ ಒಂದೇ ವಾಕ್ಯವಿದೆ: “ಇನ್ನೇನು, ಹತ್ತೇ ನಿಮಿಷ.” ಹನ್ನೊಂದಕ್ಕೂ ಹತ್ತೇ ನಿಮಿಷ, ಹನ್ನೆರಡಕ್ಕೂ ಹತ್ತೇ ನಿಮಿಷ. ಲೆಕ್ಕಪತ್ರದ ಮನುಷ್ಯ ಇಷ್ಟು ಸುಳ್ಳು ಹೇಳಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಎದುರಿನಿಂದ ಬರಿಗಾಲಿನಲ್ಲಿ ಇಳಿದು ಬರುತ್ತಿದ್ದ ಮಲಯಾಳಿ ಭಕ್ತರ ಗುಂಪೊಂದನ್ನು ನನ್ನ ಹೆಂಡತಿ ಕೈಸನ್ನೆಯಲ್ಲೇ ಕೇಳಿದಳು, ಇನ್ನೆಷ್ಟು ದೂರ ಎಂದು. ಅವರಲ್ಲೊಬ್ಬರು ನಕ್ಕು ಹತ್ತೂ ಬೆರಳು ಎತ್ತಿ ತೋರಿಸಿದರು. ಭಾವ “ನೋಡಿದ್ಯಾ?” ಎಂದರು. ಅದು ನಿಮಿಷವೋ, ಕಿಲೋಮೀಟರೋ, ಆಶೀರ್ವಾದವೋ ತಿಳಿಯಲಿಲ್ಲ.

ಜೀಪುಗಳು ನಮ್ಮನ್ನು ದಾಟಿ ಹೋಗುತ್ತಿದ್ದವು. ಹೋಗುತ್ತಿದ್ದವು ಎನ್ನುವುದಕ್ಕಿಂತ ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ ಬೀಳುತ್ತಿದ್ದವು ಎನ್ನಬೇಕು. ಒಳಗಿದ್ದವರು ಮೇಲಿನ ಕಂಬಿ ಹಿಡಿದು ಜೋತಾಡುತ್ತಿದ್ದರು. ಅವರಿಗೆ ನಮ್ಮನ್ನು ಕಂಡರೆ ಅಸೂಯೆ, ನಮಗೆ ಅವರನ್ನು ಕಂಡರೆ ಅಸೂಯೆ.

ದೇವಸ್ಥಾನದ ಅಂಗಳ ಮುಟ್ಟಿದಾಗ 1.40. ಗುಡಿಯ ಮುಂದಿನ ಎತ್ತರದ ಕಬ್ಬಿಣದ ಕಂಬದ ತುದಿ ಮಂಜಿನಲ್ಲಿ ಮಾಯವಾಗಿತ್ತು. ಅತ್ತೆಯವರು ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ಅತ್ತಿಗೆ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡಿದ್ದರು.

“ಹ್ಯಾಂಗಿತ್ತಮ್ಮಾ ಜೀಪು?” ನನ್ನ ಹೆಂಡತಿ ಕೇಳಿದಳು.

“ಬೆಳಿಗ್ಗೆ ಕುಡಿದ ಮಜ್ಜಿಗೆ ಹೊಟ್ಟೇಲಿ ಬೆಣ್ಣೆ ಆಯ್ದೆ. ಇನ್ನ್ ಕಾಸದೊಂದು ಬಾಕಿ.”

ಅವರು ಮೇಷ್ಟ್ರ ಕಾಲು ನೋಡಿದರು. ಡಬ್ಬಿಯಿಂದ ಬೆರಳಲ್ಲಿ ಚೂರು ಸುಣ್ಣ ತೆಗೆದು, ಇನ್ನೂ ಕಚ್ಚಿಕೊಂಡಿದ್ದ ಎರಡು ಉಂಬಳಕ್ಕೆ ಮುಟ್ಟಿಸಿದರು. ಎರಡೂ ಉದುರಿದವು. ಕಿಲೋಗಟ್ಟಲೆ ಉಪ್ಪು ಹೊತ್ತು ತಂದವರೆಲ್ಲ ನೋಡುತ್ತ ನಿಂತರು.

ಈಗ ಬಂತು ಸಂಕಟ. ದೇವಸ್ಥಾನ ತುದಿಯಲ್ಲ. ಅಲ್ಲಿಂದ ಮೇಲೆ, ಬೋಳುಗುಡ್ಡದ ನೆತ್ತಿಯಲ್ಲಿ ಸರ್ವಜ್ಞಪೀಠ. ಶಂಕರಾಚಾರ್ಯರು ಕೂತಿದ್ದರೆಂದು ಹೇಳುವ ಪುಟ್ಟ ಕಲ್ಲಿನ ಗುಡಿ. ಅಲ್ಲಿಂದ ಇಳಿದು ಬಂದವರೊಬ್ಬರು ಇನ್ನು ಮುಕ್ಕಾಲು ಗಂಟೆ ಎಂದರು. ಗಡಿಯಾರದಲ್ಲಿ 1.50. ಹಾಳೆಯಲ್ಲಿ, ದಪ್ಪ ಅಕ್ಷರದಲ್ಲಿ, 2 ಗಂಟೆ. ಎಲ್ಲರೂ ಭಾವನ ಮುಖ ನೋಡಿದೆವು. ಭಾವ ಮಂಜು ನೋಡಿದರು, ಹಾಳೆ ನೋಡಿದರು, ಒಂದು ಕಲ್ಲಿನ ಮೇಲೆ ಕೂತರು.

“ನಿಯಮ ಅಂದ್ರೆ ನಿಯಮ,” ಎಂದರು. ಸ್ವರದಲ್ಲಿ ಜೀವವಿರಲಿಲ್ಲ.

“ಜೀಪು ಎಷ್ಟೊತ್ತಿಗಂತೆ?” ಅತ್ತೆ ಕೇಳಿದರು.

“ನಾಲ್ಕು ಗಂಟೆವರೆಗೂ ಕಾಯ್ತಾನೆ ಅಜ್ಜಿ,” ಎಂದ ಮೊಮ್ಮಗ.

“ಏಳೂ ಜನ ಹಿಡೀತಾರಾ?”

“ಹಿಡೀತಾರೆ.”

ಅಂದರೆ ಇಳಿಯುವುದಕ್ಕೆ ಜೀಪಿದೆ, ನಡೆದೇ ಇಳಿಯಬೇಕೆಂದು ಹಾಕಿಕೊಂಡ ಲೆಕ್ಕ ಬದಲಾಗುತ್ತದೆ, ಕತ್ತಲೆಯ ಭಯವಿಲ್ಲ. ಇಷ್ಟು ನಮಗೆಲ್ಲ ಹೊಳೆಯಿತು. ಭಾವನಿಗೆ ನಮಗಿಂತ ಮೊದಲೇ ಹೊಳೆದಿತ್ತು, ಮುಖ ಹೇಳುತ್ತಿತ್ತು. ಆದರೆ ಆದೇಶ ಕೊರಳಲ್ಲಿ ನೇತಾಡುತ್ತಿದೆಯಲ್ಲ, ತಿದ್ದದೆ ಹೆಜ್ಜೆ ಎತ್ತುವುದು ಹೇಗೆ? ಜೇಬಿನಿಂದ ಬಾಲ್‌ಪೆನ್ನು ತೆಗೆದು ಹಾಳೆಯ ಮೇಲೆ ಗೀಚಿದರು. ಲ್ಯಾಮಿನೇಷನ್ನಿನ ಮೇಲೆ, ಅದೂ ನೆನೆದದ್ದರ ಮೇಲೆ, ಪೆನ್ನು ಜಾರಿತೇ ಹೊರತು ಗೆರೆ ಮೂಡಲಿಲ್ಲ. ಒರೆಸಿದರು, ಊದಿದರು, ಮತ್ತೆ ಗೀಚಿದರು. ಇಲ್ಲ.

ಅತ್ತೆಯವರು ಸುಣ್ಣದ ಡಬ್ಬಿ ಮುಂದೆ ಹಿಡಿದರು. “ತಗಳಿ. ಇದ್ರಲ್ಲಿ ಬರೀರಿ.”

ಭಾವ ತೋರುಬೆರಳು ಅದ್ದಿ, 2.00 ಎಂಬುದರ ಮೇಲೆ ಬಿಳಿಯ ಅಡ್ಡಗೆರೆ ಎಳೆದು, ಪಕ್ಕದಲ್ಲಿ 2.45 ಎಂದು ಬರೆದರು. ಕೆಳಗೆ ಸಣ್ಣದಾಗಿ ಸಹಿ. ‘ಇದು ಸುತ್ತೋಲೆ 12’ ಎಂದು ಬಾಯಲ್ಲಿ ಹೇಳಿದರು, ಬರೆಯಲು ಜಾಗವಿರಲಿಲ್ಲ. ಆಮೇಲೆ ಎದ್ದರು ನೋಡಿ, ಆ ವೇಗದಲ್ಲಿ ಅವರು ನಡೆದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಉಪನಾಯಕ, ಹಿಂಬಾಲಕ, ಖಜಾಂಚಿ ಎಲ್ಲರೂ ಹಿಂದೆ.

ಪೀಠದ ಬಳಿ ಏನೂ ಕಾಣಲಿಲ್ಲ. ಗಾಳಿ, ಮಂಜು, ಒದ್ದೆ ಕಲ್ಲು. ಗುಡಿಯ ಒಂದು ಪಕ್ಕ ನಿಂತರೆ ಇನ್ನೊಂದು ಪಕ್ಕದ ಮನುಷ್ಯ ಕಾಣುತ್ತಿರಲಿಲ್ಲ. ನಾನು ಮೊಬೈಲು ತೆಗೆದು ಬಿಳಿಯ ಫೋಟೊ ಒಂದು ಹೊಡೆದೆ. ಭಾವ ಮಾತ್ರ ಅಂಚಿಗೆ ಹೋಗಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಒಂದೊಂದೇ ದಿಕ್ಕಿಗೆ ತೋರಿಸತೊಡಗಿದರು. “ಅಗೋ, ಅಲ್ಲಿ ಕೊಲ್ಲೂರು. ಅದರ ಆಚೆ ಸಮುದ್ರ, ಸಂಜೆ ಆದ್ರೆ ಪಟ್ಟಿ ಥರ ಹೊಳೆಯುತ್ತೆ. ಈ ಕಡೆ ಕಣಿವೆ ಪೂರ್ತಿ ಕಾಡು, ಕೆಳಗಡೆ ಒಂದು ಗುಹೆ ಇದೆ, ಚಿತ್ರಮೂಲ. ಹಿಂದ್ಗಡೆ ಹಿನ್ನೀರು, ಬೆಳಿಗ್ಗೆ ದಾಟಿದ್ವಲ್ಲ.” ನಾಲ್ಕು ತಿಂಗಳು ರಾತ್ರಿ ಹನ್ನೊಂದರವರೆಗೆ ನಕ್ಷೆ ನೋಡಿದ ಮನುಷ್ಯ. ಮಂಜಿನಲ್ಲಿ ಅವರ ಬೆರಳು ತೋರಿಸಿದ ಕಡೆಗೆಲ್ಲ ನಾವೂ ತಿರುಗಿ ತಿರುಗಿ ನೋಡಿದೆವು. ಮೇಷ್ಟ್ರು ಒಂದು ಸಲ “ಹೌದು ಹೌದು, ಕಾಣ್ತು” ಎಂದೂ ಅಂದುಬಿಟ್ಟರು.

ಪೀಠದಿಂದ ದೇವಸ್ಥಾನಕ್ಕೆ ಇಳಿಯುವ ದಾರಿ ಹೆಚ್ಚಿಲ್ಲ. ನನ್ನ ಹೆಬ್ಬೆರಳಿಗೆ ಅಷ್ಟೇ ಸಾಕಾಯಿತು. ಪ್ರತಿ ಹೆಜ್ಜೆಗೂ ಉಗುರು ಬೂಟಿನ ತುದಿಗೆ ಗುದ್ದಿ ‘ಸುತ್ತೋಲೆ 4, ಸುತ್ತೋಲೆ 4’ ಎನ್ನುತ್ತಿತ್ತು. ಎರಡು ಉಗುರು ಕಪ್ಪಾಗಿ, ತಿಂಗಳ ನಂತರ ಬಿದ್ದುಹೋದವು. ವರದಿ ಸಲ್ಲಿಸಲಿಲ್ಲ.

ಬೆಂಗಳೂರಿಗೆ ಬಂದ ಮೂರನೆಯ ದಿನ ಅಂತಿಮ ಸುತ್ತೋಲೆ ಬಂತು, ಜಮಾಖರ್ಚಿನದು. ತಲಾ 41 ರೂಪಾಯಿ 50 ಪೈಸೆ ವಾಪಸ್. ಐವತ್ತು ಪೈಸೆ ಹೇಗೆ ಕೊಡುವುದೆಂಬ ಬಗ್ಗೆ ಪ್ರತ್ಯೇಕ ಟಿಪ್ಪಣಿ. ಕೊನೆಯಲ್ಲಿ: ‘ಕಲ್ಲುಪ್ಪು: ಖರೀದಿ 2,000 ಗ್ರಾಂ, ಬಳಕೆ 600 ಗ್ರಾಂ, ಉಳಿಕೆ 1,400 ಗ್ರಾಂ. ಸದರಿ ಉಳಿಕೆಯನ್ನು ಮುಂದಿನ ಚಾರಣದವರೆಗೆ’ ನಮ್ಮ ಮನೆಯ ‘ಸುಪರ್ದಿಗೆ ವಹಿಸಲಾಗಿದೆ.’ ಭಾನುವಾರ ಭಾವನೇ ಬಂದು ಹದಿನಾಲ್ಕು ಗಂಟುಗಳನ್ನು ಎಣಿಸಿಕೊಟ್ಟು, ಕಾಫಿ ಕುಡಿದು, ಸಹಿ ಹಾಕಿಸಿಕೊಂಡು ಹೋದರು. ಗಂಟುಗಳು ಈಗ ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಸಾಲಾಗಿ ಕೂತಿವೆ.

ಮೊನ್ನೆ ರಾತ್ರಿ ಒಲೆಯ ಮೇಲೆ ಸಾರು ಕುದಿಯುವಾಗ ಉಪ್ಪು ಮುಗಿದಿತ್ತು. ಹೆಂಡತಿ ಹಲಗೆಯ ಕಡೆ ಕೈ ಚಾಚಿದವಳು ಅರ್ಧಕ್ಕೇ ನಿಲ್ಲಿಸಿ, ಅಕ್ಕನಿಗೆ ಫೋನು ಮಾಡಿದಳು. “ಒಂದು ಗಂಟು ಬಿಚ್ಚಲೇನೇ? ನಾಳೆ ತಂದು ಕಟ್ಟಿಡ್ತೀನಿ.” ಆ ಕಡೆ ಅಕ್ಕ ಯಾರನ್ನೋ ಕೇಳಿದರು. ಹಿಂದಿನಿಂದ ಭಾವನ ಸ್ವರ ನನಗೂ ಕೇಳಿಸಿತು.

“ಪರಿಶೀಲಿಸಬಹುದು ಅಂತ ಹೇಳು.”

ಸಾರು ಸಪ್ಪೆಯಾಗಿಯೇ ಇತ್ತು.